ಮೂರು ಪಾಲು, ಒಂದು ಹೋಳಿಗೆ

ಹೋದ ಭಾನುವಾರ ಅಕ್ಕನ ಮಗ ಒಂದು ಲೆಕ್ಕ ತಂದ. "ಮಾಮಾ, ಒಂದು ಚಪಾತೀನ ಮೂರು ಜನಕ್ಕೆ ಸಮವಾಗಿ ಹಂಚಬೇಕು. ಸ್ಕೇಲಿಲ್ಲ, ಕೋನಮಾಪಕ ಇಲ್ಲ. ಅರ್ಧ ಮಾಡೋದು ಮಾತ್ರ ಗೊತ್ತು. ಹೇಗೆ?"

ನಂಗೆ ನಗು ಬಂತು. ಈ ಲೆಕ್ಕಾನ ಅಮ್ಮ ಯಾವತ್ತೋ ಬಿಡಿಸಿದ್ದಳು!

ನಾವು ಮೂರು ಜನ ಮಕ್ಕಳು. ಹಬ್ಬದ ಮಾರನೇ ದಿನ ಡಬ್ಬಿಯಲ್ಲಿ ಒಂದೇ ಹೋಳಿಗೆ ಉಳಿದಿದ್ದರೆ ಜಗಳ ಗ್ಯಾರಂಟಿ. ಅಮ್ಮ ಅದನ್ನು ಅರ್ಧ ಮಾಡಿ, ಆ ಅರ್ಧಗಳನ್ನು ಮತ್ತೆ ಅರ್ಧ ಮಾಡಿ ನಾಲ್ಕು ತುಂಡು ಮಾಡ್ತಿದ್ದಳು. ತಲೆಗೊಂದು. ಉಳಿದ ತುಂಡಿಗೆ ಮತ್ತೆ ಜಗಳ. ಅದನ್ನೂ ನಾಲ್ಕು ಮಾಡಿ, ತಲೆಗೊಂದು. ಮೂರನೇ ಸುತ್ತಲ್ಲಿ ಉಳಿದ ಚೂರನ್ನು ತನ್ನ ಬಾಯಿಗೆ ಹಾಕ್ಕೊಂಡು, "ಮುಗೀತು, ಏಳಿ" ಅಂತಿದ್ದಳು.

ಈಗ ಲೆಕ್ಕ ನೋಡಿ. ನಮಗೆ ಸಿಕ್ಕಿದ್ದು 1/4 + 1/16 + 1/64, ಅಂದ್ರೆ 21/64. ಮೂವರದ್ದೂ ಸೇರಿ 63/64. ಹೀಗೇ ಹಂಚುತ್ತಾ ಹೋದರೆ? ಮೊತ್ತಕ್ಕೆ 'ಮ' ಅನ್ನೋಣ.

ಮ = 1/4 + 1/16 + 1/64 + ...

ಎರಡೂ ಕಡೆ ನಾಲ್ಕರಿಂದ ಗುಣಿಸಿದರೆ, 4ಮ = 1 + 1/4 + 1/16 + ... ಅಂದ್ರೆ 4ಮ = 1 + ಮ. ಹಾಗಾಗಿ ಮ = 1/3. ಅಷ್ಟೇ!

ಹುಡುಗ ಬಿಡಲಿಲ್ಲ. "ಹಂಚೋದು ಮುಗಿಯೋದೇ ಇಲ್ವಲ್ಲ, ಮತ್ತೆ ಮೊತ್ತ ಎಲ್ಲಿಂದ ಬಂತು?" ಪಿಯುಸಿಯಲ್ಲಿ ನಾನೂ ಇದನ್ನೇ ಕೇಳಿ ಬೈಸಿಕೊಂಡಿದ್ದೆ. ಗುಣೋತ್ತರ ಶ್ರೇಣಿಯ ಸೂತ್ರ ಉರು ಹೊಡೆದು ಪಾಸಾದೆ, ಅರ್ಥ ಆಗಿರಲಿಲ್ಲ. ಅವನಿಗೆ ಹೇಳಿದೆ: ನೀನು ಎಷ್ಟೇ ಸಣ್ಣ ಚೂರು ಹೇಳು, ಸಾಕಷ್ಟು ಸುತ್ತು ಆದಮೇಲೆ ಉಳಿಯೋದು ಅದಕ್ಕಿಂತ ಸಣ್ಣದು. ಐದು ಸುತ್ತಿಗೆ 1/1024, ಹತ್ತು ಸುತ್ತಿಗೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. 1/3ಕ್ಕೆ ಎಷ್ಟು ಬೇಕೋ ಅಷ್ಟು ಹತ್ತಿರ ಹೋಗಬಹುದು, ದಾಟೋಕಾಗಲ್ಲ. ಮೊತ್ತ ಅಂದ್ರೆ ಅದೇ.

ಅಂದಹಾಗೆ, ಇದೇ ಶ್ರೇಣಿಯನ್ನು ಕೇರಳದ ನೀಲಕಂಠ ಸೋಮಯಾಜಿ ತನ್ನ ಆರ್ಯಭಟೀಯ ಭಾಷ್ಯದಲ್ಲಿ ಚರ್ಚಿಸಿದ್ದಾನೆ. ಅವನು ಹುಟ್ಟಿದ್ದು 1444ರಲ್ಲಿ. ಅದಕ್ಕೂ ಎಷ್ಟೋ ಮೊದಲು ಆರ್ಕಿಮಿಡೀಸ್ ಪರವಲಯದ ವಿಸ್ತೀರ್ಣ ಕಂಡುಹಿಡಿದಿದ್ದೂ ಈ ನಾಲ್ಕನೇ ಒಂದರ ಸರಣಿಯಿಂದಲೇ.

ಎಲ್ಲಾ ಕೇಳಿಸ್ಕೊಂಡ ಹುಡುಗ ಕೊನೆಗೆ, "ಹಾಗಾದ್ರೆ ಅಜ್ಜಿಗೆ?" ಅಂದ.

ಉತ್ತರ ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ. ಮೂರು ಸುತ್ತಿಗೆ ನಿಲ್ಲಿಸಿದರೆ ಅಜ್ಜಿಗೆ 1/64. ಕೊನೇ ತನಕ ಸರಿಯಾಗಿ ಹಂಚಿದರೆ ಸೊನ್ನೆ. ಅಷ್ಟು ವರ್ಷ ನಾವು ಮೂವರೂ ನಮ್ಮ ನಮ್ಮ ತುಂಡು ಅಳೆದಿದ್ದೆವು. ನಾಲ್ಕನೆಯವಳೊಬ್ಬಳು ಅಲ್ಲೇ ಕೂತಿದ್ದಳು ಅಂತ ಯಾರಿಗೂ ಹೊಳೀಲಿಲ್ಲ. ನಾಲ್ಕು ತುಂಡು ಮಾಡಿದಾಗಲೇ ಲೆಕ್ಕ ಸರಿಯಾಗಿತ್ತು, ಅಲ್ವಾ? ಈಗ ಹೇಳೋಣ ಅಂದ್ರೆ ಅಮ್ಮ ಇಲ್ಲ.

ನಿಮಗೊಂದು ಲೆಕ್ಕ: ಇದೇ ರೀತಿ ಐದು ಜನಕ್ಕೆ ಹಂಚೋದು ಹೇಗೆ? ಹದಿನಾರು ತುಂಡಿನಿಂದ ಶುರು ಮಾಡಿ. ಬಡಿಸಿದವರನ್ನೂ ಎಣಿಸೋದು ಮರೀಬೇಡಿ.