ಬೆನ್ನಿಗೊಂದು ಖೋ

ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಮನೆ ಕಟ್ಟೆಯ ಮೇಲೆ ಇಬ್ಬರು ಶಿಕ್ಷಕರು ಕುಳಿತಿದ್ದರು. ಒಬ್ಬರು ಊರಿನ ಪ್ರೌಢಶಾಲೆಯ ದೈಹಿಕ ಶಿಕ್ಷಕರು, ಇನ್ನೊಬ್ಬರು ಅದೇ ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕಿ. ಒಳಗಿನಿಂದ ಚಹಾ ಬಂತು. ಚಹಾದ ಹಿಂದೆಯೇ ಮನೆಯ ಯಜಮಾನರ ಮಾತೂ ಬಂತು.

‘ಕ್ರಾಸಿಂಗ್ ಟೈಮ್ ಐತ್ರಿ ಸರ. ಹೂವಿಗೆ ನಾಳೆ ಅರಳು ಅಂದ್ರ ಕೇಳತೈತೇನ್ರಿ? ಆಟ ಎಲ್ಲಿ ಓಡಿ ಹೋಗತೈತಿ, ಬರೋ ವರ್ಷಾನೂ ಇರತೈತಿ.’

ಮಾತು ಅವರ ಮಗಳದು. ಆಕೆ ಎಂಟನೆಯ ತರಗತಿ. ಶಾಲೆಯ ಬಾಲಕಿಯರ ಖೋ ಖೋ ತಂಡ ತಾಲೂಕು ಮಟ್ಟದಲ್ಲಿ ಗೆದ್ದಿತ್ತು. ಇನ್ನು ನಾಲ್ಕು ದಿನಕ್ಕೆ ಕೊಪ್ಪಳದಲ್ಲಿ ಜಿಲ್ಲಾ ಮಟ್ಟದ ಪಂದ್ಯಗಳು. ತಂಡದಲ್ಲಿ 12 ಮಂದಿ, ಅಂಕಣಕ್ಕಿಳಿಯುವವರು 9 ಮಂದಿ. ಆ ಒಂಬತ್ತರಲ್ಲಿ ಕಂಬದ ಬಳಿ ಮೈ ಚಾಚಿ ಓಟಗಾರ್ತಿಯನ್ನು ಮುಟ್ಟುವುದರಲ್ಲಿ ಈ ಹುಡುಗಿಯದು ಎತ್ತಿದ ಕೈ.

ತಂದೆ ಹೇಳಿದ್ದು ನೆಪವಲ್ಲ. ಕೊಪ್ಪಳ ಜಿಲ್ಲೆಯ ಒಣ ಬೇಸಾಯದ ಹಳ್ಳಿಗಳಲ್ಲಿ ಹೈಬ್ರಿಡ್ ಹತ್ತಿ ಬೀಜ ತೆಗೆಯುವ ಕೆಲಸ ಅನೇಕ ಮನೆಗಳ ವರ್ಷದ ಆಧಾರ. ಹೆಣ್ಣು ತಳಿಯ ಗಿಡದಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ ಹಿಂದಿನ ಮಧ್ಯಾಹ್ನವೇ ಅದರ ಕೇಸರಗಳನ್ನು ಚಿವುಟಿ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಒಂದು ದಿನ ತಪ್ಪಿದರೆ ಆ ದಿನದ ಹೂವು ಹೋಯಿತು. ಪರಾಗಸ್ಪರ್ಶದ ಪಾಠ ವಿಜ್ಞಾನದ ಪುಸ್ತಕದಲ್ಲಿ ಬರುವ ಮೊದಲೇ ಈ ಭಾಗದ ಎಷ್ಟೋ ಹೆಣ್ಣುಮಕ್ಕಳು ಅದನ್ನು ಬೆರಳಿನಿಂದ ಕಲಿತುಬಿಟ್ಟಿರುತ್ತಾರೆ. ಕೆಲಸ ಜೋರಾಗುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಶಾಲಾ ಕ್ರೀಡಾಕೂಟಗಳು ವಲಯದಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಏರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಹೂವೂ ಕಾಯುವುದಿಲ್ಲ, ಪಂದ್ಯವೂ ಕಾಯುವುದಿಲ್ಲ.

ಊರು ಬದಲಾದರೆ ಕಾರಣ ಬದಲಾಗುತ್ತದೆ, ಅಷ್ಟೇ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯ ನೀರು ಬಂತೆಂದರೆ ಭತ್ತದ ನಾಟಿ. ಕುಷ್ಟಗಿಯ ಕಡೆ ಬೀಜದ ಹೊಲ, ಇಲ್ಲವೇ ದುಡಿಯಲು ಗುಳೆ ಹೋದ ತಂದೆತಾಯಿ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹಿರಿಯ ಮಗಳು. ಕೊಪ್ಪಳದಂಥ ಪಟ್ಟಣದಲ್ಲಿ ಟ್ಯೂಷನ್, ಪರೀಕ್ಷೆ, ‘ಬಿಸಿಲಿಗೆ ಕಪ್ಪಗಾಗ್ತಾಳ’ ಎಂಬ ಕಾಳಜಿ. ಕಾರಣಗಳು ನಾಲ್ಕು, ಫಲ ಒಂದೇ. ಹುಡುಗಿ ಅಂಕಣದಲ್ಲಿಲ್ಲ.

ಆ ಸಂಜೆ ಕನ್ನಡದ ಶಿಕ್ಷಕಿ ಚಹಾದ ಲೋಟ ಕೆಳಗಿಟ್ಟು ಮೆಲ್ಲಗೆ ಒಂದು ಮಾತು ಕೇಳಿದರು. ‘ಹೋದ ವರ್ಷ ನಿಮ್ಮ ಮಗ ಕಬಡ್ಡಿಗೆ ಕೊಪ್ಪಳಕ್ಕ ಹೋಗಿದ್ನಲ್ರಿ, ಎರಡು ದಿನ. ಆಗ ಹೂವು ಇರಲಿಲ್ಲೇನ್ರಿ?’

ಯಜಮಾನರು ನಕ್ಕರು. ‘ಅವ ಗಂಡುಹುಡುಗ ಅಲ್ರಿ’ ಎಂದರು. ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೋ ಏನೋ, ಸುಮ್ಮನಾದರು.

ಹೂವಿನ ಲೆಕ್ಕದ ಅಡಿಯಲ್ಲಿ ಇನ್ನೊಂದು ಲೆಕ್ಕ ಇರುತ್ತದೆ. ಅದು ಈ ಹಳ್ಳಿಯದೊಂದೇ ಅಲ್ಲ. ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. ಮಹಿಳೆಯರ ಕಬಡ್ಡಿ ಸೇರಿದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ನಡುವೆ 20 ವರ್ಷ. ದೂರದ ಚಳಿಯ ದೇಶಗಳಲ್ಲಿ ಕರ್ಲಿಂಗ್ ಎಂಬ ಆಟವಿದೆ. ಮಂಜುಗಡ್ಡೆಯ ಮೇಲೆ ಗ್ರಾನೈಟ್ ಕಲ್ಲನ್ನು ಗುರಿಯತ್ತ ಜಾರಿಸುವ ಆಟ. ಗ್ರಾನೈಟ್ ಎಂದರೆ ಕುಷ್ಟಗಿ, ಇಳಕಲ್ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲಿ ಗಂಡಸರ ವಿಶ್ವ ಚಾಂಪಿಯನ್‌ಶಿಪ್ 1959ರಲ್ಲಿ ಶುರುವಾದರೆ ಹೆಂಗಸರದು ಶುರುವಾದದ್ದು 1979ರಲ್ಲಿ. ಅಲ್ಲಿಯೂ 20 ವರ್ಷ. ಹಾಗೆಂದು ಹೆಂಗಸರಿಗೆ ಹಗುರವಾದ ಕಲ್ಲು ಕೊಡುತ್ತಾರೆಯೇ? ಇಲ್ಲ. ಇಬ್ಬರಿಗೂ ಅದೇ ಕಲ್ಲು, ತೂಕ ಸುಮಾರು 18ರಿಂದ 20 ಕಿಲೋ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿದ್ದು 1984ರಲ್ಲಿ. ಅಷ್ಟು ದೂರ ಓಡುವುದು ಹೆಣ್ಣಿನ ದೇಹಕ್ಕೆ ಆಗದು ಎಂದು ಅದುವರೆಗೆ ಓದಿದವರೇ ನಂಬಿದ್ದರು.

ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯ ಇರುತ್ತದೆ. ಎತ್ತುವವರು ಗಂಡಸರು, ಸುತ್ತ ನಿಂತು ಚಪ್ಪಾಳೆ ತಟ್ಟುವವರೂ ಹೆಚ್ಚಾಗಿ ಗಂಡಸರು. ಅದೇ ಊರಿನಲ್ಲಿ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುವ ಹೆಂಗಸಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರು ಮೊದಲ ಪದಕ ತಂದದ್ದು 2000ದಲ್ಲಿ, ಸಿಡ್ನಿಯಿಂದ, ಅದೂ ಭಾರ ಎತ್ತಿ. ಆಂಧ್ರದ ಕರ್ಣಂ ಮಲ್ಲೇಶ್ವರಿ ಎರಡು ಎತ್ತುಗಳಲ್ಲಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿದರು. ಶಕ್ತಿಯ ಪ್ರಶ್ನೆ ಅಂದೇ ಮುಗಿಯಬೇಕಿತ್ತು.

ಆದರೆ ಶಕ್ತಿಯ ಪ್ರಶ್ನೆ ಮುಗಿದರೂ ತಾಯಿಯ ಪ್ರಶ್ನೆಗಳು ಮುಗಿಯುವುದಿಲ್ಲ. ಆ ಸಂಜೆ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ತಾಯಿ ಹೊರಗೆ ಬಂದು ಕೇಳಿದ ಪ್ರಶ್ನೆಗಳು ಬೇರೆ. ‘ಸಂಗಾಟ ಯಾರು ಹೋಗ್ತೀರಿ ಅಕ್ಕಾರ? ರಾತ್ರಿ ಎಲ್ಲಿ ಇಳೀತಾರ? ಅಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನಿ ಐತೇನು?’ ಕೊನೆಯದನ್ನು ದನಿ ತಗ್ಗಿಸಿ ಕೇಳಿದರು. ತಿಂಗಳ ದಿನಗಳು ಆ ಹೊತ್ತಿಗೇ ಬಂದರೆ?

ಶಿಕ್ಷಕಿ ಒಂದೊಂದಕ್ಕೂ ಉತ್ತರ ಕೊಟ್ಟರು. ತಾನೇ ಜೊತೆಗೆ ಬರುವುದಾಗಿಯೂ, ಹುಡುಗಿಯರು ಇಳಿಯುವ ಶಾಲೆಯ ಕೋಣೆಯಲ್ಲಿಯೇ ತಾನೂ ಮಲಗುವುದಾಗಿಯೂ ಹೇಳಿದರು. ಪ್ಯಾಡು, ಬದಲಿ ಬಟ್ಟೆ, ಫೋನು ತನ್ನ ಚೀಲದಲ್ಲಿರುತ್ತವೆ ಎಂದರು. ದೈಹಿಕ ಶಿಕ್ಷಕರು ಅರ್ಧ ಗಂಟೆ ಆಟದ ಮಹತ್ವ ಹೇಳಿದ್ದರು. ಕೆಲಸ ಮಾಡಿದ್ದು ಈ ಐದು ನಿಮಿಷದ ಮಾತು. ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಿ ಎಂದು ಹೇಳುವವರು ಮೊದಲು ಉತ್ತರ ಸಿದ್ಧ ಮಾಡಿಕೊಳ್ಳಬೇಕಾದದ್ದು ಈ ಪ್ರಶ್ನೆಗಳಿಗೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹುಡುಗಿಯ ಊಟ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ರಕ್ತದ ಹಿಮೋಗ್ಲೋಬಿನ್‌ಗೆ ಕಬ್ಬಿಣದ ಅಂಶ ಬೇಕು. ಅದು ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು, ಎರಡು ಸುತ್ತಿಗೇ ಏದುಸಿರು ಬರುತ್ತದೆ. ಆಗ ನೋಡಿದವರು ‘ಹೆಣ್ಣುಮಕ್ಕಳಿಗೆ ತಾಕತ್ತಿಲ್ಲ’ ಎನ್ನುತ್ತಾರೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ, ಬಿಸಿಯೂಟದ ಜೊತೆ ಬರುವ ಮೊಟ್ಟೆ, ಮನೆಯಲ್ಲಿ ಸಿಗುವ ಶೇಂಗಾ, ಬೆಲ್ಲ, ಮೆಂತ್ಯ, ರಾಜಗಿರಿ ಸೊಪ್ಪು ಇವೆಲ್ಲ ಅಣ್ಣನ ತಟ್ಟೆಗೆಷ್ಟೋ ತಂಗಿಯ ತಟ್ಟೆಗೂ ಅಷ್ಟೇ ಬಿದ್ದರೆ ಅರ್ಧ ತರಬೇತಿ ಅಡುಗೆಮನೆಯಲ್ಲೇ ಆಯಿತು.

‘ಆಡಿದ್ರ ಏನ್ ಸಿಗತೈತಿ?’ ಎಂದು ಕೇಳುವವರಿಗೆ ಹೇಳಲು ಹೆಸರುಗಳಿಲ್ಲದೆ ಇಲ್ಲ. ಕುಷ್ಟಗಿಯಿಂದ ಇಳಕಲ್ ದಾಟಿ ಉತ್ತರಕ್ಕೆ ಹೋದರೆ ವಿಜಯಪುರ. ಅಲ್ಲಿಯ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ ಕ್ರಿಕೆಟ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನು ಕೊಟ್ಟು 5 ವಿಕೆಟ್ ಪಡೆದರು. ಕಾರ್ಕಳ ಕಡೆಯ ಹೆರ್ಮುಂಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಇಬ್ಬರೂ ಕಬಡ್ಡಿಯಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದು ಅರ್ಜುನ ಪ್ರಶಸ್ತಿ ಪಡೆದವರು. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಚೈತ್ರಾ ಟಿ. ನರಸೀಪುರ ತಾಲೂಕಿನ ಕುರುಬೂರು ಎಂಬ ಹಳ್ಳಿಯವರು. ಖೋ ಖೋಗೆ ಹುಲ್ಲುಹಾಸು ಬೇಡ, ದುಬಾರಿ ಬ್ಯಾಟು ಬೇಡ. ಎರಡು ಕಂಬ, ಸುಣ್ಣದ ಗೆರೆ, ಕಲ್ಲು ಆರಿಸಿದ ನೆಲ. ಇಷ್ಟು ಎಲ್ಲ ಹಳ್ಳಿಯಲ್ಲೂ ಆದೀತು.

ಹಾಗೆಂದು ಹೋದವರೆಲ್ಲ ಚಿನ್ನ ತರುವುದಿಲ್ಲ. ಯಲಬುರ್ಗಾ ತಾಲೂಕಿನ ಆ ಹುಡುಗಿ ಕೊಪ್ಪಳಕ್ಕೆ ಹೋದಳು. ತಂಡ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಗಂಗಾವತಿ ಕಡೆಯ ಶಾಲೆಗೆ ಸೋತಿತು. ಬಸ್ಸಿನಲ್ಲಿ ಎಲ್ಲರೂ ಅತ್ತರು, ಕುಕನೂರು ಬರುವ ಹೊತ್ತಿಗೆ ಹಾಡು ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ಹುಡುಗಿ ಹೊಲದಲ್ಲಿದ್ದಳು, ಗಂಟೆ ಹೊಡೆಯುವ ಹೊತ್ತಿಗೆ ಶಾಲೆಯಲ್ಲಿದ್ದಳು. ಎರಡು ದಿನದ ಹೂವನ್ನು ತಾಯಿ, ಅಣ್ಣ ಸೇರಿ ಸಂಭಾಳಿಸಿದ್ದರು. ಮನೆ ಮುಳುಗಿರಲಿಲ್ಲ.

ಅವಳಿಗೆ ಸಿಕ್ಕಿದ್ದೇನು? ಸಾವಿರ ಜನರ ಮುಂದೆ ಸೋತು, ತಲೆ ಎತ್ತಿಕೊಂಡು ಮರುದಿನ ಶಾಲೆಗೆ ಬರಬಹುದು ಎಂಬ ಅರಿವು. ಒಂದು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಬದುಕೇ ಮುಗಿಯಿತೆಂದು ಕುಸಿಯುವ ಮಕ್ಕಳ ನಡುವೆ ಇದು ಸಣ್ಣ ಗಳಿಕೆಯಲ್ಲ. ಆಟದಿಂದ ಅಂಕ ಕಡಿಮೆಯಾಗುತ್ತದೆ ಎಂದು ಹೆದರುವ ಪಾಲಕರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಕಥೆ ಅಷ್ಟಕ್ಕೇ ಸುಖವಾಗಿ ಮುಗಿಯಲಿಲ್ಲ. ಎಂಟನೆಯ ತರಗತಿಯಲ್ಲಿ 12 ಮಂದಿ ಇದ್ದ ತಂಡದಲ್ಲಿ ಹತ್ತನೆಯ ತರಗತಿಗೆ ಉಳಿದವರು ಐವರು. ಇಬ್ಬರ ಕುಟುಂಬ ಗುಳೆ ಹೋಯಿತು. ಮೂವರಿಗೆ ‘ದೊಡ್ಡಾಕಿ ಆದ್ಲು, ಇನ್ನ ಚಡ್ಡಿ ಹಾಕ್ಕೊಂಡು ಓಡೂದು ಬ್ಯಾಡ’ ಎಂದರು. ಅವರಿಗೆ ಟ್ರ್ಯಾಕ್ ಪ್ಯಾಂಟ್ ಹಾಕಿ ಆಡಿಸಬಹುದೆಂದು ಹೇಳಲು ಶಿಕ್ಷಕರು ಹೋಗುವಷ್ಟರಲ್ಲಿ ತಡವಾಗಿತ್ತು. ಒಬ್ಬಳು ಪರೀಕ್ಷೆಯ ಭಯಕ್ಕೆ ತಾನೇ ಬಿಟ್ಟಳು. ಇನ್ನೊಬ್ಬಳ ಮದುವೆಯ ಮಾತು ನಡೆದಿತ್ತು. 18 ತುಂಬದೆ ಮದುವೆ ಮಾಡುವಂತಿಲ್ಲ ಎಂದು ಶಿಕ್ಷಕರು ಹೋಗಿ ತಿಳಿಹೇಳಿದರು. ಮದುವೆ ನಿಂತಿತು. ಜೊತೆಗೆ ಹುಡುಗಿಯ ಆಟವೂ ನಿಂತಿತು. ಶಿಕ್ಷಕರ ಮಾತಿನ ಸಿಟ್ಟನ್ನು ಮನೆಯವರು ಮೈದಾನದ ಮೇಲೆ ತೀರಿಸಿಕೊಂಡರು.

ಹೆಣ್ಣುಮಕ್ಕಳು ಸ್ಪರ್ಧೆಗಳಿಂದ ಮಾಯವಾಗುವುದು ಹೀಗೆ, ಒಬ್ಬೊಬ್ಬರಾಗಿ, ಸದ್ದಿಲ್ಲದೆ. ಯಾರೂ ‘ಆಡಬೇಡ’ ಎಂದು ಗದರಿಸಿರುವುದಿಲ್ಲ. ‘ಈ ವರ್ಷ ಬ್ಯಾಡ’ ಎಂದಿರುತ್ತಾರೆ. ಈ ವರ್ಷಗಳು ಸೇರಿಯೇ ಆ 20 ವರ್ಷ ಆಗುವುದು.

ಇದನ್ನು ತಡೆಯಲು ದೊಡ್ಡ ಹಣ ಬೇಕಿಲ್ಲ. ಶಾಲೆ ತನ್ನ ಆಟದ ದಿನಗಳನ್ನು ಜೂನ್‌ನಲ್ಲಿಯೇ ಪಾಲಕರಿಗೆ ತಿಳಿಸಿದರೆ ಹೊಲದ ಕೆಲಸವನ್ನು ಹೊಂದಿಸಿಕೊಳ್ಳಬಹುದು. ಪ್ರತಿ ಬಾಲಕಿಯರ ತಂಡದ ಜೊತೆ ಒಬ್ಬ ಶಿಕ್ಷಕಿಯೋ ತಾಯಿಯೋ ಹೋಗಲೇಬೇಕೆಂದು ಮಾಡಿಕೊಂಡರೆ ಅರ್ಧ ಭಯ ಕಳೆಯುತ್ತದೆ. ಸಂಜೆಯ ಅಭ್ಯಾಸವನ್ನು ಬೆಳಗಿನ ಪ್ರಾರ್ಥನೆಯ ಮುಂಚೆ ಇಟ್ಟರೆ ಕತ್ತಲಲ್ಲಿ ಮನೆಗೆ ಹೋಗುವ ಚಿಂತೆಯಿಲ್ಲ. ಚೆನ್ನಾಗಿ ಆಡುವವರಿಗೆ ಕ್ರೀಡಾ ಇಲಾಖೆಯ ವಸತಿ ನಿಲಯಗಳಿವೆ, ಅವುಗಳ ಆಯ್ಕೆಯ ಸುದ್ದಿ ಹುಡುಗರ ಕಿವಿಗೆ ಬಿದ್ದ ದಿನವೇ ಹುಡುಗಿಯರ ಕಿವಿಗೂ ಬೀಳಬೇಕು. ಪಾಲಕರು ವರ್ಷಕ್ಕೊಂದು ಸಲ ಮಗಳ ಪಂದ್ಯ ನೋಡಲು ಹೋಗಬೇಕು. ಅಂಕಪಟ್ಟಿಗೆ ಸಹಿ ಹಾಕಲು ಬರುವವರು ಇದಕ್ಕೂ ಬರಬಹುದು.

ಖೋ ಖೋದಲ್ಲಿ ಒಂದು ನಿಯಮವಿದೆ. ಎಂಟು ಮಂದಿ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ, ಕಾಲು ಸಿದ್ಧ ಮಾಡಿಕೊಂಡು ಕುಳಿತಿರುತ್ತಾರೆ. ಎಷ್ಟೇ ಚುರುಕಿನವಳಾದರೂ ತಾನಾಗಿ ಎದ್ದು ಓಡುವಂತಿಲ್ಲ, ಎದ್ದರೆ ತಪ್ಪು. ಹಿಂದಿನಿಂದ ಒಬ್ಬರು ಬಂದು ಬೆನ್ನು ಮುಟ್ಟಿ, ಗಟ್ಟಿಯಾಗಿ ‘ಖೋ’ ಎನ್ನಬೇಕು.

ಹತ್ತನೆಯ ತರಗತಿಯ ಆ ಸೆಪ್ಟೆಂಬರ್‌ನಲ್ಲಿ ಐವರ ಜೊತೆಗೆ ಕೆಳಗಿನ ತರಗತಿಯ ಏಳು ಹುಡುಗಿಯರನ್ನು ಸೇರಿಸಿ ತಂಡ ಮತ್ತೆ ಕಟ್ಟಲಾಯಿತು. ತಾಲೂಕು ಪಂದ್ಯದ ದಿನ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಒಬ್ಬರು ಮೋಟಾರ್‌ಸೈಕಲ್ ನಿಲ್ಲಿಸಿ ನಿಂತಿದ್ದರು. ದೈಹಿಕ ಶಿಕ್ಷಕರು ಹತ್ತಿರ ಹೋಗಿ, ‘ಕ್ರಾಸಿಂಗ್ ಇಲ್ಲೇನ್ರಿ ಇವತ್ತು?’ ಎಂದರು.

‘ಐತ್ರಿ’ ಎಂದರು ಆ ತಂದೆ. ‘ಮಗನ್ನ ಬಿಟ್ಟು ಬಂದೀನಿ.’