ಬೀಗ ಭದ್ರವಾಗಿತ್ತು, ಮಗು ಒಳಗಿತ್ತು

ನಿಮ್ಮ ಮನೆಯಲ್ಲಿ ಹಳೆಯ ಕಾರಿದೆಯೇ? ಅದಕ್ಕೆ ಅಲಾರಂ, ಸೆಂಟ್ರಲ್ ಲಾಕ್ ಹಾಕಿಸಿದ್ದೀರಾ? ಹಾಗಿದ್ದರೆ ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ.

ನಮ್ಮದು ಮಾರುತಿ 800. 2014ರಲ್ಲೇ ತಯಾರಿಕೆ ನಿಂತುಹೋದ ಕಾರು. ಶಿವಮೊಗ್ಗದ ನಮ್ಮ ಗಲ್ಲಿಯಲ್ಲಿ ರಾತ್ರಿಯೆಲ್ಲ ಹೊರಗೇ ನಿಲ್ಲುತ್ತದೆ. ಕಳ್ಳರ ಭಯಕ್ಕೆ ನಮ್ಮವರು ಅಂಗಡಿಯೊಂದರಲ್ಲಿ ಮೊದಲು ಅಲಾರಂ, ಆಮೇಲೆ ಸೆಂಟ್ರಲ್ ಲಾಕ್ ಹಾಕಿಸಿ ಎರಡಕ್ಕೂ ಸಂಪರ್ಕ ಕೊಡಿಸಿದರು. ರಿಮೋಟ್ ಒತ್ತಿದರೆ ನಾಲ್ಕೂ ಬಾಗಿಲು ಟಕ್ಕೆಂದು ಭದ್ರವಾಗುತ್ತಿದ್ದವು. ಅದು ಹೇಗೆಂದು ನಾನು ಕೇಳಲಿಲ್ಲ. ಗಂಡಸರ ವಿಷಯವೆಂದು ಸುಮ್ಮನಿದ್ದೆ.

ಕಳೆದ ಬೇಸಿಗೆಯ ಒಂದು ಭಾನುವಾರ ಭದ್ರಾವತಿಯ ನ್ಯೂಟೌನ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಅವಳನ್ನೂ ಮಗುವನ್ನೂ ಕರೆದುಕೊಂಡು ಮಧ್ಯಾಹ್ನ ಶಿವಮೊಗ್ಗಕ್ಕೆ ಹೊರಟಾಗ ನಾನು ರಿಮೋಟ್ ಒತ್ತಿ ಹಿಂದಿನ ಬಾಗಿಲು ತೆರೆದೆ. ಒಂದೂವರೆ ವರ್ಷದ ಮಗುವನ್ನು ಸೀಟಿನಲ್ಲಿ ಕೂರಿಸಿ, ಕೈಯಲ್ಲಿದ್ದ ಕೀ ಗೊಂಚಲನ್ನು ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದೆ. ತಂಗಿಯ ಕೈಯಿಂದ ಚೀಲ ತೆಗೆದುಕೊಳ್ಳಲು ತಿರುಗಿದೆ, ಅಷ್ಟೆ. ಹಿಂದಿನಿಂದ "ಟಕ್" ಎಂಬ ಸದ್ದು. ನಾಲ್ಕೂ ಬಾಗಿಲು ಬಂದ್!

ಇನ್ನೊಂದು ಕೀ ಇದ್ದುದು ಶಿವಮೊಗ್ಗದ ಕಪಾಟಿನಲ್ಲಿ. ನೆತ್ತಿ ಸುಡುವ ಬಿಸಿಲು. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿಯಷ್ಟು ಸೆಕೆ ಏರಬಲ್ಲದು. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಮಗು ಅಳುತ್ತಾ ಗಾಜಿಗೆ ಕೈ ಬಡಿಯುತ್ತಿತ್ತು. ತಂಗಿಯ ಮುಖ ನೋಡಲಾಗಲಿಲ್ಲ. ನಮ್ಮವರು ಓಡಿಬಂದು ಚಾಲಕನ ಬಾಗಿಲಿನ ಗಾಜಿನ ಮೂಲೆಗೆ ಕಲ್ಲಿನಿಂದ ಹೊಡೆದರು. ಗಾಜು ಪುಡಿಯಾಗಿ ಉದುರಿತು. ಒಳಗೆ ಕೈ ಹಾಕಿ ಲಾಕ್ ಎತ್ತಿದಾಗ ಸೈರನ್ ಕೂಗತೊಡಗಿತು. ಮಗು ಬೆವೆತು ತೊಪ್ಪೆಯಾಗಿತ್ತು. ಅಲ್‌ಹಮ್ದುಲಿಲ್ಲಾಹ್, ಬೇರೇನೂ ಆಗಲಿಲ್ಲ.

ಮರುದಿನ ಬೇರೊಬ್ಬ ಮೆಕ್ಯಾನಿಕ್ ಬಳಿಗೆ ನಾನೂ ಹೋದೆ. ಅವರು ಬಾಗಿಲಿನ ಒಳಹಲಗೆ ಬಿಚ್ಚಿ ತೋರಿಸಿದರು. ಪ್ರತಿ ಬಾಗಿಲಲ್ಲೂ ಒಂದು ಪುಟ್ಟ ಮೋಟಾರು. ಅಲಾರಂ ಆಜ್ಞೆ ಕೊಟ್ಟರೆ ಲಾಕಿನ ಪೆಟ್ಟಿಗೆ ಕ್ಷಣಕಾಲ ಅದಕ್ಕೆ ಕರೆಂಟ್ ಹರಿಸುತ್ತದೆ. ಒಂದು ದಿಕ್ಕಿಗೆ ಹರಿದರೆ ಬೀಗ, ಎದುರು ದಿಕ್ಕಿಗೆ ಹರಿದರೆ ಬಿಡುಗಡೆ. ಜೇಬಿನಲ್ಲಿ ರಿಮೋಟ್ ತಾನಾಗಿ ಒತ್ತಿಹೋದರೂ ಕಾರು ತೆರೆದಿರಬಾರದೆಂದು, ಸುಮಾರು ಅರ್ಧ ನಿಮಿಷದಲ್ಲಿ ಯಾವ ಬಾಗಿಲೂ ತೆರೆಯದಿದ್ದರೆ ಅನೇಕ ಅಲಾರಂಗಳು ಮತ್ತೆ ಬೀಗ ಹಾಕುತ್ತವೆ. ಬಾಗಿಲು ತೆರೆದದ್ದನ್ನು ತಿಳಿಸುವುದು ಚೌಕಟ್ಟಿನಲ್ಲಿರುವ ಸಣ್ಣ ಸ್ವಿಚ್. ನಮ್ಮ ಕಾರಿನಲ್ಲಿ ಅದರ ವೈರನ್ನು ಚಾಲಕನ ಬಾಗಿಲಿಗೆ ಮಾತ್ರ ಜೋಡಿಸಿದ್ದರು. ನಾನು ಹಿಂದಿನ ಬಾಗಿಲು ತೆರೆದದ್ದು ಅಲಾರಂಗೆ ಗೊತ್ತೇ ಆಗಿರಲಿಲ್ಲ! ಅವರು ನಾಲ್ಕೂ ಬಾಗಿಲಿಗೆ ಸ್ವಿಚ್ ಜೋಡಿಸಿಕೊಟ್ಟರು.

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದ ಪ್ರಸಂಗ ತಿರ್ಮಿದಿಯಲ್ಲಿದೆ. ಅದನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಕಟ್ಟುವ ಗಂಟು ಸರಿಯಿದೆಯೇ ಎಂದು ನೋಡುವುದೂ ಅದರಲ್ಲೇ ಸೇರಿದೆಯೆಂದು ನನಗೆ ಅರ್ಥವಾದದ್ದು ಅಂದು.

ಸಹೋದರಿಯರೇ, ಕಾರು ಓಡಿಸುವವರು ಗಂಡಸರಿರಬಹುದು, ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸುವವರು ಹೆಚ್ಚಾಗಿ ನಾವೇ. ಇಂದೇ ಪರೀಕ್ಷಿಸಿ. ಕೀ ಕೈಯಲ್ಲೇ ಹಿಡಿದು, ಖಾಲಿ ಕಾರಿನ ಹಿಂದಿನ ಬಾಗಿಲನ್ನು ರಿಮೋಟ್‌ನಿಂದ ತೆರೆದು ಮುಚ್ಚಿ ಒಂದು ನಿಮಿಷ ಕಾಯಿರಿ. "ಟಕ್" ಎಂದರೆ ಮೆಕ್ಯಾನಿಕ್ ಬಳಿ ಹೋಗಿ. ಏನೇ ಇರಲಿ, ಮಗು ಒಳಗಿದ್ದಾಗ ಕೀ ನಿಮ್ಮ ಕೈಯಲ್ಲೇ ಇರಲಿ.