ಗುಂಡಿ ಒತ್ತುವ ಬೆರಳು

ಕ್ಯಾಮರಾ ಕೊಳ್ಳಲು ಅಂಗಡಿಗೆ ಹೋದವರು ಮಸೂರದ ಶಕ್ತಿಯನ್ನು ವಿಚಾರಿಸುತ್ತಾರೆ, ಮೆಗಾಪಿಕ್ಸೆಲ್ ಎಷ್ಟೆಂದು ಕೇಳುತ್ತಾರೆ, ಬೆಲೆಯಲ್ಲಿ ಚೌಕಾಶಿ ಮಾಡುತ್ತಾರೆ. ಆದರೆ ಚಿತ್ರ ತೆಗೆಯುವ ಗುಂಡಿಯನ್ನು ಹತ್ತು ಬಾರಿ ಒತ್ತಿ, ಅದು ಬೆರಳಿಗೆ ಹೇಗೆ ಒಗ್ಗುತ್ತದೆಂದು ಪರೀಕ್ಷಿಸಿದವರನ್ನು ನಾವು ಕಂಡದ್ದು ವಿರಳ. ಎತ್ತು ಕೊಳ್ಳುವವನು ಹಲ್ಲು ಎಣಿಸದೆ ಸಂತೆಯಿಂದ ಬರುವುದುಂಟೆ? ಸ್ಟ್ಯಾಂಡಿನ ಹಂಗಿಲ್ಲದೆ ಕೈಯಲ್ಲಿ ಹಿಡಿದೇ ಚಿತ್ರ ತೆಗೆಯುವ ನಮ್ಮಂಥ ಗೃಹಸ್ಥರಿಗೆ ಈ ಗುಂಡಿಯ ಗುಣವು ಮಸೂರದ ಗುಣದಷ್ಟೇ ಮುಖ್ಯವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ಓದುಗರು ನಗಬಹುದು. ನಮ್ಮ ದೊಡ್ಡಮ್ಮನವರ ಚಿತ್ರದ ಪ್ರಸಂಗವನ್ನು ಕೇಳಿದ ಮೇಲೆ ನಗಲಿ.

ಹೊಸದುರ್ಗ ತಾಲ್ಲೂಕಿನ ಮತ್ತೋಡು ನಮ್ಮ ಊರು. ದೊಡ್ಡಮ್ಮನವರಿಗೆ ಆಗ ಎಂಬತ್ತೆಂಟು ದಾಟಿತ್ತು. ಅಷ್ಟು ದೀರ್ಘ ಬಾಳಿಗೆ ಸಾಕ್ಷಿಯಾಗಿ ಮನೆಯಲ್ಲಿದ್ದುದು ಒಂದೇ ಒಂದು ಚಿತ್ರ. ಅದೂ ಯಾವುದೋ ಮದುವೆಯ ಗುಂಪಿನಲ್ಲಿ, ಸೆರಗನ್ನು ಹಣೆಯ ತನಕ ಎಳೆದುಕೊಂಡು, ಅರ್ಧ ಮುಖ ಬೇರೆಯವರ ಹೆಗಲ ಹಿಂದೆ ಮರೆಯಾಗಿರುವುದು. ಮಕ್ಕಳು ಮೊಮ್ಮಕ್ಕಳೆಲ್ಲ ಬೇಡಿಕೊಂಡಾಗ ಅವರು ಒಂದು ಷರತ್ತಿನ ಮೇಲೆ ಒಪ್ಪಿದರು. ತೆಗೆಯುವುದಾದರೆ ಬೆಳಗಿನ ಲಿಂಗಪೂಜೆಗೆ ಕುಳಿತಾಗ ತೆಗೆಯಬೇಕು. ಆದರೆ ಕಣ್ಣಿಗೆ ಹೊಡೆಯುವ ಆ ಮಿಂಚು ಮಾತ್ರ ಕೂಡದು. ಪೊರೆ ತೆಗೆಸಿಕೊಂಡ ಕಣ್ಣು ಒಂದು ಕಾರಣ, ಪೂಜೆಗೆ ಭಂಗ ಬರಬಾರದೆಂಬುದು ಇನ್ನೊಂದು. ಪೂಜೆಯ ಕೋಣೆಯೋ, ಇಬ್ಬರು ಕುಳಿತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕಾದಷ್ಟು ಕಿರಿದು. ಬೆಳಕೆಂದರೆ ಮಾಡಿನ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಮತ್ತು ಎಣ್ಣೆಯ ದೀಪ. ಮೂರು ಕಾಲಿನ ಸ್ಟ್ಯಾಂಡ್ ಊರಲು ಎಡೆಯೇ ಇಲ್ಲ.

ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ತನ್ನ ಹೊಸ ಡಿಜಿಟಲ್ ಕ್ಯಾಮರಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಒಂದಾದರೂ ಸ್ಪಷ್ಟವಾಗಿ ಬರಲಿಲ್ಲ. "ಅಜ್ಜಿ, ನೀವು ಅಲುಗಾಡಿಬಿಟ್ಟಿರಿ" ಎಂದ. ದೊಡ್ಡಮ್ಮನವರು ಶಾಂತವಾಗಿಯೇ ಕೇಳಿದರು: "ಅಲುಗಾಡಿದ್ರೆ ಅಂಗೈಯಾಗಿನ ಲಿಂಗ ನಿಲ್ತಿತ್ತೇನಪ್ಪಾ?"

ಆ ಮಾತಿಗೆ ಉತ್ತರವಿರಲಿಲ್ಲ. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆವು. ದೊಡ್ಡಮ್ಮನವರ ಮುಖ ಮಾತ್ರವಲ್ಲ, ಹಿಂದಿನ ಗೋಡೆಯ ಮೊಳೆ, ಗೂಡಿನ ಅಂಚು, ತಾಮ್ರದ ತಂಬಿಗೆಯ ಹೊಳಪು, ಎಲ್ಲವೂ ಒಂದೇ ದಿಕ್ಕಿಗೆ ಎಳೆದು ಸವರಿದಂತಿದ್ದವು. ಕುಳಿತವರು ಅಲುಗಾಡಿದ್ದರೆ ಅವರಷ್ಟೇ ಮಸುಕಾಗಿ ಗೋಡೆ ಸ್ಪಷ್ಟವಾಗಿರಬೇಕು. ದೂರ ಹೊಂದಿಸುವುದರಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಮಸುಕು ಸುತ್ತಲೂ ಸಮನಾಗಿ ಹರಡಿ, ಮುಂದೆಯೋ ಹಿಂದೆಯೋ ಯಾವುದಾದರೊಂದು ವಸ್ತು ಚೆನ್ನಾಗಿ ಮೂಡಿರಬೇಕು. ಇಲ್ಲಿ ಎಲ್ಲವೂ ಒಟ್ಟಿಗೆ ಜಾರಿದೆಯೆಂದರೆ ಜಾರಿದ್ದು ಕ್ಯಾಮರಾ. ಅದನ್ನು ಜಾರಿಸಿದ್ದು ಬೆರಳು.

ಇದರ ಲೆಕ್ಕ ಸ್ವಾರಸ್ಯಕರವಾಗಿದೆ. 35 ಮಿ.ಮೀ. ಫಿಲ್ಮಿನ ಮೇಲೆ ಸುಮಾರು 0.03 ಮಿ.ಮೀ.ಗಿಂತ ಹೆಚ್ಚಿನ ಮಸುಕು ಕಣ್ಣಿಗೆ ಕಾಣುತ್ತದೆಂದು ಎಣಿಕೆ. 50 ಮಿ.ಮೀ. ಮಸೂರದಲ್ಲಿ ಅಷ್ಟು ಮಸುಕಾಗಲು ಕ್ಯಾಮರಾ ಒಂದು ಡಿಗ್ರಿಯ ಮೂವತ್ತರಲ್ಲಿ ಒಂದು ಪಾಲು ತಿರುಗಿದರೆ ಸಾಕು. ಹತ್ತು ಅಡಿ ದೂರದ ಮುಖದ ಮೇಲೆ ಅದು ಎರಡು ಮಿಲಿಮೀಟರಿನಷ್ಟು. ರೆಪ್ಪೆಯ ಕೂದಲು ಅಳಿಸಿಹೋಗಲು ಅಷ್ಟೇ ಬೇಕಾದದ್ದು. ಗುಂಡಿ ಇರುವುದು ಕ್ಯಾಮರಾದ ಬಲತುದಿಯಲ್ಲಿ. ತುದಿಯನ್ನು ಕೆಳಕ್ಕೆ ನೂಕಿದರೆ ತಕ್ಕಡಿಯ ತಟ್ಟೆಯಂತೆ ಒಂದು ಬದಿ ಇಳಿಯದೆ ಇರುತ್ತದೆಯೆ? ಹಗಲಿನ ಬೆಳಕಿನಲ್ಲಿ ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಷಟರ್ ಮುಚ್ಚಿಕೊಳ್ಳುವುದರಿಂದ ಈ ಇಳಿತ ದಾಖಲಾಗುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಅದು ತೆರೆದಿರಬೇಕಾಗುತ್ತದೆ. ಆಗ ಬೆರಳಿನ ಒರಟುತನವೆಲ್ಲ ಚಿತ್ರದಲ್ಲಿ ಇಳಿಯುತ್ತದೆ. 50 ಮಿ.ಮೀ. ಮಸೂರವನ್ನು ಕೈಯಲ್ಲಿ ಹಿಡಿದು ತೆಗೆಯುವಾಗ ಅರವತ್ತನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದೆಂದು ಹಳೆಯ ಛಾಯಾಗ್ರಾಹಕರು ಹಾಕಿಕೊಂಡ ಗೆರೆ ಸುಮ್ಮನೆ ಹುಟ್ಟಿದ್ದಲ್ಲ.

ಗುಂಡಿಗಳಲ್ಲಿಯೂ ಸ್ವಭಾವಭೇದವುಂಟು. ಈಗಿನ ಬಹುತೇಕ ಕ್ಯಾಮರಾಗಳಲ್ಲಿ ಒತ್ತುವಿಕೆಗೆ ಎರಡು ಮೆಟ್ಟಿಲು. ಅರ್ಧ ಒತ್ತಿದಾಗ ದೂರವೂ ಬೆಳಕೂ ನಿಷ್ಕರ್ಷೆಯಾಗುತ್ತವೆ. ಉಳಿದರ್ಧ ಒತ್ತಿದಾಗ ಚಿತ್ರ ಬೀಳುತ್ತದೆ. ಕೆಲವು ಗುಂಡಿಗಳಲ್ಲಿ ಎರಡನೆಯ ಮೆಟ್ಟಿಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಕೆಲವುಗಳಲ್ಲಿ ಅದು ಪೆಡಸಾಗಿ ನಿಂತು, ಬಲ ಹಾಕಿದೊಡನೆ ಟಕ್ಕೆಂದು ಕುಸಿಯುತ್ತದೆ. ಆ ಕುಸಿತದ ಕ್ಷಣದಲ್ಲಿಯೇ ಷಟರ್ ತೆರೆಯುವುದರಿಂದ, ಹಾಕಿದ ಬಲವೆಲ್ಲ ಕ್ಯಾಮರಾದ ಮೈಗೆ ತಗಲಿ ಚಿತ್ರ ಕೆಡುತ್ತದೆ. ಹಗುರವಾದ ಕ್ಯಾಮರಾ ಹೆಚ್ಚು ಕುಲುಕುತ್ತದೆ. ಭಾರವಾದದ್ದು ತನ್ನ ತೂಕದಿಂದಲೇ ತಾಳಿಕೊಳ್ಳುತ್ತದೆ. ಹಗುರವೆಂದು ಹೊಗಳಿ ಮಾರುವವರು ಇದನ್ನು ಹೇಳುವುದಿಲ್ಲ.

ಈ ಒತ್ತುವ ಹದವನ್ನು ಮಾತಿನಲ್ಲಿ ತಿಳಿಸುವುದು ಕಷ್ಟ. ಆದರೆ ಮತ್ತೋಡಿನವರಿಗೆ ಒಂದು ಉಪಮೆ ಹತ್ತಿರದಲ್ಲಿಯೇ ಇದೆ. ನಮ್ಮೂರು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿಯ ಗಾಜಿನ ಕೆಲಸವನ್ನು ದಾಖಲಿಸಿದ್ದಾನೆ. ಬಳೆಗಾರರು ಬಳೆ ತೊಡಿಸುವುದನ್ನು ನೋಡಿದ ಹೆಣ್ಣುಮಕ್ಕಳಿಗೆ ನಾವು ಹೇಳುವುದು ಕೂಡಲೇ ಅರ್ಥವಾದೀತು. ಬೆರಳಗೆಣ್ಣಿನ ಬಳಿ ಬಳೆ ತಡೆಯುತ್ತದೆ. ಅಲ್ಲಿ ನೂಕಿದರೆ ಒಡೆಯುತ್ತದೆ. ಬಳೆಗಾರ ನೂಕುವುದಿಲ್ಲ, ಕೈಯನ್ನು ಹಿಂಡಿ ಮೆತ್ತಗೆ ಮಾಡುತ್ತ, ಒತ್ತಡವನ್ನು ಎಳ್ಳೆಳ್ಳಷ್ಟೇ ಏರಿಸುತ್ತಾನೆ. ಯಾವ ಗಳಿಗೆಯಲ್ಲಿ ಬಳೆ ಗೆಣ್ಣು ದಾಟಿತೆಂಬುದು ತೊಟ್ಟವಳಿಗೂ ತಿಳಿಯುವುದಿಲ್ಲ. ಗುಂಡಿಯನ್ನೂ ಹಾಗೆಯೇ ಒತ್ತಬೇಕು.

ಮರುದಿನ ಬೆಳಿಗ್ಗೆ ಹುಡುಗನ ಕ್ಯಾಮರಾವನ್ನೇ ನಾವು ತೆಗೆದುಕೊಂಡೆವು. ಮಸೂರ ಅದೇ, ಬೆಳಕು ಅದೇ, ಕೋಣೆ ಅದೇ. ಬಾಗಿಲವಾಡಕ್ಕೆ ಭುಜವನ್ನಾನಿಸಿ, ಮೊಳಕೈಗಳನ್ನು ಪಕ್ಕೆಗೆ ಒತ್ತಿ, ಬೆರಳಿನ ತುದಿಯನ್ನಲ್ಲದೆ ಅದರ ಮೆತ್ತನೆಯ ಭಾಗವನ್ನು ಗುಂಡಿಯ ಮೇಲೆ ಮಲಗಿಸಿದೆವು. ಹೆಬ್ಬೆರಳು ಹಿಂದಿನಿಂದ ಆತುಕೊಂಡಿತ್ತು. ಅರ್ಧ ಒತ್ತಿ ಹಿಡಿದು, ಉಸಿರನ್ನು ಅರ್ಧ ಬಿಟ್ಟು, ಬೆರಳನ್ನು ಉರುಳಿಸಿದಂತೆ ಇಳಿಸಿದೆವು. ಒಂದೇ ಒತ್ತಿಗೆ ಸಾಲಾಗಿ ಚಿತ್ರಗಳು ಬೀಳುವಂತೆ ಕ್ಯಾಮರಾವನ್ನು ಮೊದಲೇ ಹೊಂದಿಸಿದ್ದೆವು. ಇದೊಂದು ಒಳ್ಳೆಯ ಉಪಾಯ. ಒತ್ತುವ ಕುಲುಕು ಮೊದಲನೆಯ ಚಿತ್ರದ ಪಾಲಿಗೆ ಹೋಗುತ್ತದೆ. ಬೆರಳು ನಿಶ್ಚಲವಾಗಿರುವಾಗ ಬೀಳುವ ಎರಡನೆಯದೋ ಮೂರನೆಯದೋ ಉಳಿಯುತ್ತದೆ. ಉಳಿದವು ಎರಡು. ಒಂದರಲ್ಲಿ ಹಣೆಯ ವಿಭೂತಿಯ ಮೂರು ಗೆರೆಗಳೂ ಅಂಗೈಯ ಸುಕ್ಕುಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು.

ದೊಡ್ಡಮ್ಮನವರು ಮುಂದಿನ ಕಾರ್ತಿಕದಲ್ಲಿ ಲಿಂಗೈಕ್ಯರಾದರು. ಏಳು ಮಂದಿ ಮಕ್ಕಳ ಮನೆಗಳಲ್ಲಿಯೂ ಈಗ ಇರುವುದು ಅದೇ ಚಿತ್ರ.

ಕೃತಕ ಮಿಂಚಿಲ್ಲದೆ, ಕೈಯಲ್ಲಿಯೇ ಹಿಡಿದು ತೆಗೆಯುವ ಪದ್ಧತಿಗೆ ದೊಡ್ಡ ಪರಂಪರೆಯಿದೆ. 1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಲೈಕಾ ಇದಕ್ಕೆ ದಾರಿ ಮಾಡಿತು. ಒಳಗೆ ಎದ್ದು ಬೀಳುವ ಕನ್ನಡಿಯಿಲ್ಲದ್ದರಿಂದ ಅದರ ಕುಲುಕು ಕಡಿಮೆ. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸೋನ್ ಅಂತಹ ಕ್ಯಾಮರಾ ಹಿಡಿದೇ 1950ರಲ್ಲಿ ತಿರುವಣ್ಣಾಮಲೆಗೆ ಬಂದು, ರಮಣ ಮಹರ್ಷಿಗಳ ಕೊನೆಯ ದಿನಗಳ ಚಿತ್ರಗಳನ್ನು ತೆಗೆದರು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಸಾಮಾನ್ಯ ಜನರ ಬದುಕನ್ನು ಕಪ್ಪುಬಿಳುಪಿನಲ್ಲಿ ಹಿಡಿದಿಟ್ಟ ಪರಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಕ್ಯಾಮರಾಗಳ ಗುಂಡಿಯ ನಡುವೆ ತಿರುಪಿನ ಒಂದು ರಂಧ್ರವಿರುತ್ತಿತ್ತು. ಸ್ಟ್ಯಾಂಡಿನ ಮೇಲಿಟ್ಟಾಗ ಅದಕ್ಕೆ ತಂತಿಯ ಕೇಬಲ್ ಸಿಕ್ಕಿಸಿ ದೂರದಿಂದ ಒತ್ತುವುದು ರೂಢಿ. ಕೈಯಲ್ಲಿ ಹಿಡಿದಾಗ ಪುಟ್ಟ ಬಿಲ್ಲೆಯೊಂದನ್ನು ತಿರುಗಿಸಿ ಕೂರಿಸಿದರೆ ಗುಂಡಿ ಅಗಲವಾಗಿ ಒತ್ತು ಹಗುರವಾಗುತ್ತಿತ್ತು.

ಈಗ ಅಲುಗಾಟವನ್ನು ತಾನೇ ಸರಿಪಡಿಸುವ ಮಸೂರಗಳಿವೆ. ಬದಲಾಯಿಸಬಹುದಾದ ಮಸೂರಗಳಲ್ಲಿ ಕ್ಯಾನನ್ ಕಂಪನಿ 1995ರಲ್ಲಿಯೇ ಇದನ್ನು ತಂದಿತು. ಅದು ಕೈಯ ಸಹಜ ನಡುಕವನ್ನು ಚೆನ್ನಾಗಿ ಅಡಗಿಸುತ್ತದೆ. ತನ್ನ ಮಿತಿ ಮೀರಿದ ಕುಕ್ಕನ್ನು ಅಡಗಿಸದು. ಇನ್ನು ಫೋನುಗಳ ವಿಷಯ. ಗಾಜಿನ ಮೇಲೆ ಬೆರಳಿನಿಂದ ಕುಟ್ಟುವುದರಲ್ಲಿ ಮೆಟ್ಟಿಲೂ ಇಲ್ಲ, ತಡೆಯೂ ಇಲ್ಲ. ಯಾವಾಗ ಬಿತ್ತೆಂಬುದು ಬೆರಳಿಗೆ ತಿಳಿಯುವುದೇ ಇಲ್ಲ. ಆಪಲ್ ಕಂಪನಿ 2024ರ ತನ್ನ ಫೋನುಗಳಿಗೆ ಕ್ಯಾಮರಾಕ್ಕೆಂದೇ ಪ್ರತ್ಯೇಕ ಗುಂಡಿಯನ್ನು ಕೊಟ್ಟದ್ದು ನಮಗೆ ಆಶ್ಚರ್ಯವೆನಿಸಲಿಲ್ಲ. ಮೂರು ಸೆಕೆಂಡು ತಡೆದು ತಾನೇ ಚಿತ್ರ ತೆಗೆದುಕೊಳ್ಳುವ ಸೌಕರ್ಯ ಹಲವು ಫೋನುಗಳಲ್ಲಿದೆ. ಹಿರಿಯರ ಚಿತ್ರಕ್ಕೆ ಅದು ಉತ್ತಮ. ತೊಟ್ಟಿಲ ಕೂಸಿನ ನಗು ಮಾತ್ರ ಮೂರು ಸೆಕೆಂಡು ಕಾಯದು. ಅಂಥ ಹೊತ್ತಿನಲ್ಲಿ ಫೋನನ್ನು ಅಡ್ಡಲಾಗಿ ಎರಡೂ ಕೈಗಳಲ್ಲಿ ಹಿಡಿದು, ಧ್ವನಿ ಏರಿಸುವ ಪಕ್ಕದ ಗುಂಡಿಯನ್ನು ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ ಅದೂ ಚಿತ್ರ ತೆಗೆಯುತ್ತದೆ, ಕೆಳಗಿನಿಂದ ಹೆಬ್ಬೆರಳಿನ ಆಸರೆಯೂ ದೊರೆಯುತ್ತದೆ. ಬೆಳಕು ಕಡಿಮೆಯಿದ್ದರೆ ಫೋನು ಹಲವು ಚಿತ್ರಗಳನ್ನು ಕೂಡಿಸಿ ಒಂದು ಮಾಡುವುದರಿಂದ, ಸದ್ದು ಕೇಳಿದ ಮೇಲೂ ಒಂದೆರಡು ಕ್ಷಣ ಫೋನನ್ನು ಅಲುಗಾಡಿಸದೆ ಹಾಗೆಯೇ ಹಿಡಿದಿರಬೇಕು.